ಮಂಗಳವಾರ ಹೆಂಗಸರದ್ದು

ಟೊಕಾತ್ ಊರಿನ ತಾಮ್ರಗಾರರ ಕೇರಿಯ ಹಮ್ಮಾಮಿನಲ್ಲಿ, ಅಂದರೆ ಊರವರ ಬಿಸಿನೀರಿನ ಸ್ನಾನದ ಮನೆಯಲ್ಲಿ, ಬೆಹಿಯೆ ನಲವತ್ತನಾಲ್ಕು ವರ್ಷದಿಂದ ಹೆಂಗಸರ ಮೈ ಉಜ್ಜುತ್ತಿದ್ದಳು. ಹದಿನಾಲ್ಕನೆಯ ವಯಸ್ಸಿಗೆ ಚಿಕ್ಕಮ್ಮ ಕರೆತಂದು, ಮೇಕೆಕೂದಲಿನ ಒರಟು ಕೈಗವಸು ತೊಡಿಸಿ, ಹೆಂಗಸರು ಮಲಗಿ ಮೈ ಉಜ್ಜಿಸಿಕೊಳ್ಳುವ ನಡುವಿನ ಬಿಸಿ ಕಲ್ಲಿನ ಪಕ್ಕ ನಿಲ್ಲಿಸಿದ್ದೇ ನಿಲ್ಲಿಸಿದ್ದು. ಮಂಡಿ ಸವೆದವು, ಕೈ ಮಾತ್ರ ಸೋಲಲಿಲ್ಲ. ಮುಖ ಮರೆತರೂ ಬೆನ್ನು ನೋಡಿ ಇಂಥವಳ ಮಗಳೆಂದು ಹೇಳಬಲ್ಲವಳು.

ಒಂದು ಸಲ ಹೊಸದಾಗಿ ಮದುವೆಯಾದ ಹುಡುಗಿಯ ಬೆನ್ನ ಮೇಲೆ ಬಾಸುಂಡೆ ಕಂಡಿತು. ಬೆಹಿಯೆ ಅಲ್ಲಿ ಮೆಲ್ಲಗೆ ನೀರು ಹೊಯ್ದು ಅವಳನ್ನು ಕಳಿಸಿದಳು. ಮರುದಿನ ಬೆಳಿಗ್ಗೆ ಹುಡುಗಿಯ ಗಂಡನ ಮನೆ ಅಂಗಳದಲ್ಲಿ ನಿಂತು, ಇಡೀ ಬೀದಿಗೆ ಕೇಳುವಂತೆ ಅವನ ಮಾನ ಹರಾಜು ಹಾಕಿ ಬಂದಳು. ಆ ಬೆನ್ನಿನ ಮೇಲೆ ಮತ್ತೆ ಗಾಯ ಬೀಳಲಿಲ್ಲ. ಬೀಳದಂತೆ ಪ್ರತಿ ಮಂಗಳವಾರ ನೋಡಿಕೊಂಡಳು.

ಅಂಥವಳ ಮುಂದೆ ಒಂದು ದಿನ ಮಾಲೀಕ ರಿಫ್ಕಿ ಗಂಟಲು ಸರಿಮಾಡಿಕೊಂಡು, ಇನ್ನು ಮಂಗಳವಾರ ಹೆಂಗಸರಿಗಿಲ್ಲ ಎಂದ. ವಾರದಲ್ಲಿ ಆರು ದಿನ ಗಂಡಸರದ್ದು, ಹೆಂಗಸರಿಗೆ ಇದ್ದದ್ದೇ ಅದೊಂದು. ಪ್ರವಾಸಿಗರ ಬಸ್ಸು ಮಂಗಳವಾರವೇ ಬರುತ್ತದಂತೆ, ಗಂಡು ಹೆಣ್ಣು ಒಟ್ಟಿಗೇ ಒಳಗೆ ಹೋಗುತ್ತಾರಂತೆ, ಹಳೆಯ ಗುಮ್ಮಟ ನೋಡಿ ಬಾಯಿ ಬಿಡುತ್ತಾರಂತೆ. ಬೆಹಿಯೆ ತಲೆಗೊಂದು ಜರಿ ವಸ್ತ್ರ ಕಟ್ಟಿಕೊಂಡು ನಗುನಗುತ್ತಾ ಅವರ ಮೈ ಉಜ್ಜಬೇಕಂತೆ. ಈಗ ಎಲ್ಲರ ಮನೆಯಲ್ಲೂ ಬಚ್ಚಲಿದೆ, ಊರ ಹೆಂಗಸರಿಗೇನು ತೊಂದರೆ ಎಂಬುದು ಅವನ ವಾದ.

ಕೊಳೆ ತೊಳೆಯಲು ಅಲ್ಲಿಗೆ ಯಾರು ಬರುತ್ತಿದ್ದರು? ಗಂಡಸರಿಗೆ ಕಾಫಿ ಅಂಗಡಿಯಿದೆ, ಮಸೀದಿಯ ಅಂಗಳವಿದೆ, ಪೇಟೆಯಿದೆ. ಹೆಂಗಸರು ಕಾಲು ಚಾಚಿ ಕೂತು, ಮನೆಯಿಂದ ತಂದ ದ್ರಾಕ್ಷಿ ಎಲೆಯ ಸುರುಳಿಗಳನ್ನು ತಿಂದು, ಗಂಡನನ್ನೂ ಅತ್ತೆಯನ್ನೂ ಮನಸಾರೆ ಬೈದು ಹಗುರಾಗಲು ಊರಿನಲ್ಲಿದ್ದ ಜಾಗ ಅದೊಂದೇ. ಬೆಹಿಯೆಗೆ ಮೈಯೆಲ್ಲ ಉರಿದುಹೋಯಿತು.

ಸಾಲದ್ದಕ್ಕೆ ಬರುವ ಮಂಗಳವಾರವೇ ಬಿನ್ನಾಜ್ ಎಂಬ ಬಾಣಂತಿಯ ಕೂಸಿಗೆ ನಲವತ್ತು ದಿನ ತುಂಬುತ್ತಿತ್ತು. ಅಂದು ತಾಯಿಗೂ ಕೂಸಿಗೂ ಹಮ್ಮಾಮಿನಲ್ಲಿ ನಲವತ್ತು ಬಟ್ಟಲು ನೀರು ಹೊಯ್ಯಬೇಕು. ಆಮೇಲೆಯೇ ಬಾಣಂತಿ ಹೊಸ್ತಿಲು ದಾಟಿ ನಾಲ್ಕು ಜನರ ನಡುವೆ ಓಡಾಡುವುದು. ರಿಫ್ಕಿ ಔದಾರ್ಯ ತೋರಿಸಿ, ಬುಧವಾರ ಒಂದು ಗಂಟೆ ಬಿಟ್ಟುಕೊಡುತ್ತೇನೆ ಎಂದ. ನಲವತ್ತೊಂದನೆಯ ದಿನ ನಲವತ್ತರ ನೀರು ಹಾಕುವುದು ಯಾವೂರ ನ್ಯಾಯ ಎಂದು ಬೆಹಿಯೆ ಕೇಳಿದಳು.

ಮಂಗಳವಾರ ಬಸ್ಸು ಬರುವ ಹೊತ್ತಿಗೆ ಹಮ್ಮಾಮಿನ ಬಾಗಿಲಿಗೆ ಕೆಂಪು ಗೀರಿನ ಸ್ನಾನದ ವಸ್ತ್ರವೊಂದು ನೇತಾಡುತ್ತಿತ್ತು. ಒಳಗೆ ಹೆಂಗಸರಿದ್ದಾರೆ ಎಂದು ಅದರ ಅರ್ಥ. ಆ ವಸ್ತ್ರ ಸರಿಸಿ ಒಳಗೆ ಕಾಲಿಟ್ಟ ಗಂಡಸು ಆ ಊರಿನಲ್ಲಿ ಮತ್ತೆ ತಲೆಯೆತ್ತಿ ತಿರುಗಲಾರ. ಮಾಲೀಕನಾದರೂ ಅಷ್ಟೇ. ಇಪ್ಪತ್ತು ಜನ ಪ್ರವಾಸಿಗರನ್ನು ಬೆನ್ನಿಗೆ ಕಟ್ಟಿಕೊಂಡು ರಿಫ್ಕಿ ತನ್ನದೇ ಬಾಗಿಲ ಮುಂದೆ ಕೈ ಕೈ ಹಿಸುಕಿಕೊಳ್ಳುತ್ತಾ ನಿಂತ.

"ಬೆಹಿಯೆಕ್ಕ, ಮರ್ಯಾದೆ ತೆಗೀಬೇಡ. ಆ ಬಟ್ಟೆ ತೆಗಿ," ಎಂದು ಹಲ್ಲು ಕಚ್ಚಿಕೊಂಡು ಹೇಳಿದ.

"ಆರು ವರ್ಷದವನಿದ್ದಾಗ ನಿಮ್ಮಮ್ಮನ ಸೆರಗು ಹಿಡ್ಕೊಂಡು ಬರ್ತಿದ್ದೆ," ಒಳಗಿನಿಂದ ಬೆಹಿಯೆಯ ಧ್ವನಿ ಬಂತು. "ಕಣ್ಣು ಎಲ್ಲೆಲ್ಲೋ ಓಡ್ತಿದೆ, ಇನ್ಮೇಲೆ ಇವ್ನನ್ನ ಕರ್ಕೊಂಡು ಬರ್ಬೇಡಿ ಅಂದಿದ್ದು ನಾನೇ. ಇವತ್ತೂ ಅದೇ ಮಾತು ಕಣೋ. ಬಸ್ಸಿನ ಹೆಂಗಸ್ರು ಬರೋದಾದ್ರೆ ಬರ್ಲಿ, ಕೂಸಿನ ಸರದಿ ಮುಗಿದ್ಮೇಲೆ ಅವ್ರಿಗೂ ಉಜ್ತೀನಿ. ಗಂಡಸ್ರಿಗೆ ನೀನು ಟೀ ಕುಡಿಸು."

ಗುಮ್ಮಟದೊಳಗೆ ನಗು ಸುತ್ತಿ ಸುತ್ತಿ ಮೊಳಗಿತು. ಪ್ರವಾಸಿ ಹೆಂಗಸರಲ್ಲಿ ನಾಲ್ವರು ಚಪ್ಪಲಿ ಕಳಚಿ ಒಳಗೆ ಹೋದರು. ನಲವತ್ತನೆಯ ಬಟ್ಟಲು ಸುರಿಯುವ ತನಕ ಯಾರೂ ಹೊರಗೆ ಬರಲಿಲ್ಲ.

ಸಂಜೆ ರಿಫ್ಕಿ ಅವಳ ಬಳಿಯಿದ್ದ ಹಮ್ಮಾಮಿನ ಬೀಗದಕೈ ಕಿತ್ತುಕೊಂಡು, ನಾಳೆಯಿಂದ ಈ ಕಡೆ ತಲೆ ಹಾಕಬೇಡ ಎಂದ.

"ಕೆಲಸ ನಿಂದು, ತಗೋ," ಎಂದಳು ಬೆಹಿಯೆ. "ಮಂಗಳವಾರ ನಿಂದಲ್ಲ."

ಐವತ್ತೆಂಟರ ಹೆಂಗಸಿಗೆ ಬೇರೆ ಕಸುಬು ಯಾರು ಕೊಡುತ್ತಾರೆ? ಆದರೂ ಮುಂದಿನ ಮಂಗಳವಾರ ಬಟ್ಟಲು, ಸೋಪು, ವಸ್ತ್ರ ಗಂಟು ಕಟ್ಟಿಕೊಂಡು ಗಿರಾಕಿಯಂತೆ ಹೋಗಿ ಹಮ್ಮಾಮಿನ ಮೆಟ್ಟಿಲ ಮೇಲೆ ಕೂತಳು. ಹಿಂದೆಯೇ ಬಿನ್ನಾಜ್ ಬಂದಳು. ಹೊತ್ತೇರುವುದರೊಳಗೆ ಮೂವತ್ತು ಹೆಂಗಸರು, ಮೂವತ್ತು ಗಂಟು.

ಪ್ರವಾಸಿಗರಿಗೆಂದು ರಿಫ್ಕಿ ತುರ್ಹಾಲ್ ಊರಿನಿಂದ ಎಲ್ಮಾಸ್ ಎಂಬ ಹೊಸಬಳನ್ನು ಕರೆಸಿದ್ದ. ಅವನು ಬಸ್ಸು ಕರೆತರಲು ಹೋಗಿದ್ದಾಗ ಅವಳು ಬಾಗಿಲು ತೆಗೆದು, ಮೆಟ್ಟಿಲ ತುಂಬ ಹೆಂಗಸರನ್ನು ಕಂಡು, ಏನು ಸಮಾಚಾರ ಎಂದು ಕೇಳಿದಳು. ಬೆಹಿಯೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎಲ್ಮಾಸ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು.

"ಆ ಮನುಷ್ಯ ನಂಗಿದೇನೂ ಹೇಳ್ಲಿಲ್ಲ," ಎಂದು ಬಾಗಿಲಿನ ಎರಡೂ ಕದ ತೆರೆದಳು. ಎಲ್ಲರೂ ಒಳಗೆ ಬಂದ ಮೇಲೆ ಒಳಗಿನಿಂದ ಅಗುಳಿ ಹಾಕಿ ಬೆಹಿಯೆಯ ಕಡೆ ತಿರುಗಿದಳು. "ಅಕ್ಕ, ಮೊದ್ಲು ನೀವು ಮಲ್ಕೊಳ್ಳಿ."

ಬಿಸಿ ಕಲ್ಲಿನ ಮೇಲೆ ಬೆಹಿಯೆ ಬೋರಲು ಮಲಗಿದಳು. ಊರಿನ ಬೆನ್ನುಗಳನ್ನೆಲ್ಲ ಉಜ್ಜಿದವಳ ಬೆನ್ನನ್ನು ಇಷ್ಟು ವರ್ಷ ಒಬ್ಬರೂ ಉಜ್ಜಿರಲಿಲ್ಲ. ಕೈಗವಸು ತಾಗಿದ ಕೂಡಲೇ ಅವಳ ಕಣ್ಣು ತುಂಬಿಕೊಂಡವು. ಅಷ್ಟರಲ್ಲಿ ಹೊರಗೆ ಬಸ್ಸು ಬಂದು ನಿಂತ ಸದ್ದಾಯಿತು. ರಿಫ್ಕಿ ಬಾಗಿಲು ದಬದಬ ಬಡಿಯತೊಡಗಿದ. ಎಲ್ಮಾಸಳ ಕೈ ನಿಂತಿತು.

ಬೆಹಿಯೆ ಮುಖ ಎತ್ತಲಿಲ್ಲ.

"ನಿಲ್ಲಿಸ್ಬೇಡ," ಎಂದಳು. "ಇನ್ನೂ ಗಟ್ಟಿಯಾಗಿ ಉಜ್ಜು."