ಕ್ಯಾಪ್ಟನ್ ಸಾಯುವ ಸಂಚಿಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಬೊಯ್ ಊರಿನ ಬಸ್ ನಿಲ್ದಾಣದ ಸಿಮೆಂಟಿನ ಮೇಲೆ ಬೋಸ್ನಾ ನದಿಯ ಮಂಜು ಬಂದು ಕೂತಿದೆ. ಸ್ಲಾವೋಯ್ಕಾ ಪೆಟ್ಕೊವಿಚ್ ತಮ್ಮ ಗೂಡಂಗಡಿಯ ತಗಡಿನ ಬಾಗಿಲಿಗೆ ಭುಜ ಕೊಟ್ಟು ಮೇಲೆತ್ತುತ್ತಾರೆ. ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ಬೈಗುಳ ಬೈದು ಮತ್ತೆ ಎತ್ತುತ್ತಾರೆ. ಒಳಗೆ ಸಣ್ಣ ವಿದ್ಯುತ್ ಒಲೆ, ಕಾಫಿ ಕಾಯಿಸುವ ತಾಮ್ರದ ಪಾತ್ರೆ, ಮೂರೂ ಗೋಡೆಗೆ ಚಾವಣಿವರೆಗೆ ಕಾಮಿಕ್ಸ್. ಕಾಫಿ ಉಕ್ಕುವ ಹೊತ್ತಿಗೆ ಆಸ್ಟ್ರಿಯಾದ ಲಿಂಟ್ಸ್‌ನಿಂದ ಬರುವ ಬಸ್ಸು ತಿರುವಿನಲ್ಲಿ ದೀಪ ಹೊಡೆಯುತ್ತದೆ.

ಆಸ್ಟ್ರಿಯಾದಲ್ಲಿ ಗಾರೆ, ಬಣ್ಣ, ಸಾರುವೆ ಕಟ್ಟುವ ಕೆಲಸ ಮಾಡುವ ಗಂಡಸರು ಸೊಂಟ ಹಿಡಿದುಕೊಂಡು ಇಳಿಯುತ್ತಾರೆ. ಹೆಂಡತಿಗೆ ಬಟ್ಟೆ ಸೋಪಿನ ಪುಡಿ, ಅಮ್ಮನಿಗೆ ಕಾಫಿ ಪುಡಿ ತಂದಿರುತ್ತಾರೆ. ಮಗುವಿಗೆ ತರುತ್ತೇನೆಂದು ಹೇಳಿದ್ದು ಮಾತ್ರ ದೊಬೊಯ್ ತಲುಪಿದ ಮೇಲೆ ನೆನಪಾಗುತ್ತದೆ. ಈ ಶನಿವಾರ ಹಾಗೆ ನೆನಪಾದವನು ಕಣ್ಣು ಊದಿಕೊಂಡ ಒಬ್ಬ ಯುವಕ.

"ಅಮ್ಮಾ, ಮಿರ್ಗಾನ್ ಇರೋದು ಒಂದು ಕೊಡಿ. ಅದು, ಆ ಕಪ್ಪು ರಟ್ಟಿಂದು. ದಪ್ಪಗಿದೆ, ಬಹಳ ದಿನ ಬರುತ್ತೆ."

"ಮಗೂಗೆ ಎಷ್ಟು ವಯಸ್ಸು?"

"ಐದು. ಅಲ್ಲ, ಈಸ್ಟರ್‌ಗೆ ಆರಾಯ್ತು ಅನ್ಸುತ್ತೆ."

"ನಿಂದೇ ಮಗು ತಾನೆ?"

ಹಿಂದೆ ನಿಂತವರು ನಗುತ್ತಾರೆ. ಸ್ಲಾವೋಯ್ಕಾ ನಗುವುದಿಲ್ಲ. ಕಪ್ಪು ರಟ್ಟಿನ ಪುಸ್ತಕ ತೆಗೆದು, ನಡುವಿನ ಒಂದು ಪುಟ ಬಿಡಿಸಿ ಅವನ ಮುಂದೆ ಹಿಡಿಯುತ್ತಾರೆ. ಉರಿಯುತ್ತಿರುವ ಗಗನನೌಕೆ, ಗಾಜಿನಾಚೆಯಿಂದ ಬಡಿಯುತ್ತಿರುವ ಕೈಗಳು. ಯುವಕ ತಲೆ ಕೆರೆದುಕೊಳ್ಳುತ್ತಾನೆ. "ಹೊರಗಡೆ ಅದೇ ನಗೋ ಮುಖ ಇದೆಯಲ್ಲಮ್ಮಾ" ಅನ್ನುತ್ತಾನೆ. ಕೊನೆಗೆ ಅವನ ಚೀಲ ಸೇರುವುದು ತೆಳ್ಳನೆಯ ಒಂದು ಪುಸ್ತಕ. ಅದರಲ್ಲಿ ಮಿರ್ಗಾನ್ ಒಂದು ಗ್ರಹದ ಮೇಲೆ ತನ್ನ ಬೂಟು ಕಳೆದುಕೊಂಡು ಹುಡುಕುತ್ತಾನೆ, ಅಷ್ಟೇ.

ಸ್ಲಾವೋಯ್ಕಾ ಅವರ ಕೆಲಸವೆಲ್ಲ ಇರುವುದು ಈ ನಗುವ ಮುಖದಲ್ಲೇ. 'ಒಂಬತ್ತನೇ ದಂಡು' ಎಂಬ ಬಾಹ್ಯಾಕಾಶ ಕತೆ ಸಿನಿಮಾ ಆಗಿದೆ, ಟಿವಿಯಲ್ಲಿದೆ, ಮಕ್ಕಳ ಚಡ್ಡಿ, ಬುತ್ತಿ ಡಬ್ಬಿಗಳ ಮೇಲೂ ಇದೆ. ಅದರ ಕಾಮಿಕ್ಸ್ ಮೂರು ಬಗೆಯಲ್ಲಿ ಬರುತ್ತವೆ. ಸಣ್ಣ ಮಕ್ಕಳಿಗೆ ತೆಳು ಪುಸ್ತಕ, ಸ್ವಲ್ಪ ದೊಡ್ಡವರಿಗೆ ತಿಂಗಳ ಸಂಚಿಕೆ, ದೊಡ್ಡವರಿಗೆ ಕಪ್ಪು ರಟ್ಟಿನದು. ಮೂರರ ಮುಖಪುಟದಲ್ಲೂ ಕ್ಯಾಪ್ಟನ್ ಮಿರ್ಗಾನ್ ಒಂದೇ ಥರ ನಗುತ್ತಾನೆ. ಒಳಗೆ ಒಂದರಲ್ಲಿ ಬೂಟು ಹುಡುಕುತ್ತಾನೆ, ಇನ್ನೊಂದರಲ್ಲಿ ಗೆಳೆಯನ ಹೆಣ ಹೊರುತ್ತಾನೆ. ಕೊಳ್ಳುವವರು ಮುಖ ನೋಡಿ ಕೊಳ್ಳುತ್ತಾರೆ. ಹಾಗಾಗಿ ಅಂಗಡಿಗೆ ಬಂದ ಪ್ರತಿಯೊಂದು ಸಂಚಿಕೆಯನ್ನೂ ಸ್ಲಾವೋಯ್ಕಾ ಮೊದಲು ತಾವು ಓದುತ್ತಾರೆ, ಆಮೇಲೆ ಮಾರುತ್ತಾರೆ.

"ನನಗೇನೂ ಇದರ ಹುಚ್ಚಿರಲಿಲ್ಲ" ಅನ್ನುತ್ತಾರೆ ಅವರು. "ಹುಚ್ಚೆಲ್ಲ ನಮ್ಮ ಯಜಮಾನರದ್ದು. ರೈಲ್ವೇಲಿ ಹಳಿ ಬದಲಾಯಿಸೋ ಕೆಲಸ. ಗಾಡಿ ಬರೋ ತನಕ ಕೂತು ಇದನ್ನೇ ಓದೋರು. ಗಡ್ಡ ಬೆಳ್ಳಗಾದ್ರೂ ರಾಕೆಟ್ ನೋಡ್ತೀರಲ್ಲ ಅಂತ ರೇಗಿಸ್ತಿದ್ದೆ."

ಯಜಮಾನರು ರತೋಮಿರ್. ನಿವೃತ್ತಿಯ ಹಣದಲ್ಲಿ ಈ ಗೂಡಂಗಡಿ ಇಟ್ಟವರು ಅವರು. 2014ರ ಮೇ ತಿಂಗಳಲ್ಲಿ ನದಿ ಊರೊಳಗೆ ನುಗ್ಗಿದಾಗ ಅವರ ಜೀವಮಾನದ ಸಂಗ್ರಹವೆಲ್ಲ ಕೆಸರಿನ ಮುದ್ದೆಯಾಯಿತು. ಉಳಿದದ್ದು ಅಟ್ಟದ ಮೇಲಿದ್ದ ಕೆಲವು ಪೆಟ್ಟಿಗೆ ಮಾತ್ರ, ಅವೂ ತೇವ ಕುಡಿದು ಸೊಟ್ಟಗಾಗಿದ್ದವು. ರತೋಮಿರ್ ಆ ಬೇಸಿಗೆಯೆಲ್ಲ ಹಾಳೆಗಳನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಹಾಕಿಕೊಂಡು ಕೂತಿದ್ದರು. ಚಳಿಗಾಲಕ್ಕೆ ಕೆಮ್ಮು ಹಿಡಿಯಿತು. ಇನ್ನೊಂದು ಚಳಿಗಾಲ ಅವರು ನೋಡಲಿಲ್ಲ. ಮಕ್ಕಳಿರಲಿಲ್ಲ, ಬೇರೆ ಕೆಲಸ ಗೊತ್ತಿರಲಿಲ್ಲ. ಸ್ಲಾವೋಯ್ಕಾ ಬೀಗದ ಕೈ ತೆಗೆದುಕೊಂಡು ಬಂದು ಇಲ್ಲಿ ಕೂತರು.

ಕೂತ ಮೇಲೆ ಓದಿದರು. ಓದಿದ ಮೇಲೆ ಗಿರಾಕಿಗಳನ್ನು ಪ್ರಶ್ನೆ ಕೇಳುವ ಚಾಳಿ ಹತ್ತಿತು. ಮಗು ದೀಪ ಆರಿಸಿದರೆ ಮಲಗುತ್ತಾ? ಯಾರು ಪಕ್ಕ ಕೂತು ಓದಿ ಹೇಳ್ತಾರೆ? ಈ ವರ್ಷ ಮನೇಲಿ ಯಾರಾದರೂ ತೀರಿಕೊಂಡರಾ? ಕೆಲವರು ಉತ್ತರ ಕೊಡುತ್ತಾರೆ. ಕೆಲವರು "ಕಾಮಿಕ್ಸ್ ಕೇಳಿದ್ರೆ ಪೊಲೀಸ್ ವಿಚಾರಣೆ ಮಾಡ್ತಾಳಲ್ಲಪ್ಪ ಮುದುಕಿ" ಎಂದು ಎದುರಿನ ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಾರೆ. ಅಲ್ಲಿ ಮೂರು ಬಗೆಯ ಪುಸ್ತಕವೂ ಒಂದೇ ತಂತಿಯ ಬುಟ್ಟಿಯಲ್ಲಿ ಸಿಗುತ್ತದೆ, ಯಾರೂ ಏನೂ ಕೇಳುವುದಿಲ್ಲ.

"ರಾಕ್ಷಸ ಬಂದ್ರೆ ಮಕ್ಕಳು ಹೆದರಲ್ಲ" ಎನ್ನುತ್ತಾರೆ ಸ್ಲಾವೋಯ್ಕಾ. "ಹಲ್ಲು ಎಷ್ಟಿದಾವೆ ಅಂತ ಎಣಿಸ್ತವೆ. ಕರೆದ್ರೂ ಯಾರೂ ಬರದೇ ಇರೋ ಪುಟ ಬಂತು ನೋಡಿ, ಆಗ ಹೆದರ್ತವೆ."

ಆ ಮಾತಿನ ಹಿಂದೆ ಒಂದು ಮನೆಯ ಕತೆಯಿದೆ. ಅದನ್ನು ಹೇಳುವಾಗ ಅವರು ಕೈಗೆ ಸಿಕ್ಕ ಪುಸ್ತಕಗಳ ಅಂಚನ್ನು ಸುಮ್ಮನೆ ಸರಿಮಾಡುತ್ತಿರುತ್ತಾರೆ.

ಓಗ್ನ್ಯೆನ್ ಎಂಬಾತ ಲಿಂಟ್ಸ್‌ನಲ್ಲಿ ಸಾರುವೆ ಕಟ್ಟುತ್ತಿದ್ದ. ಊರಿಗೆ ಬಂದಾಗಲೆಲ್ಲ ಬಸ್ಸಿಳಿದು ನೇರ ಗೂಡಂಗಡಿಗೆ ಬಂದು ಮಗಳು ನೆದಾಳಿಗೆ ಒಂದು ತೆಳು ಪುಸ್ತಕ ಕೊಳ್ಳುತ್ತಿದ್ದ. ಅವಳಿಗೆ ಆರು ವರ್ಷ. ಅವನು ಓದುವುದು, ಅವಳು ನೌಕೆಯ ಸದ್ದು ಮಾಡುವುದು. ಕಳೆದ ಫೆಬ್ರವರಿಯಲ್ಲಿ, ಮಂಜುಗಡ್ಡೆ ಕಟ್ಟಿದ ಸಾರುವೆ ಹಲಗೆಯಿಂದ ಜಾರಿ ಬಿದ್ದ. ಪೆಟ್ಟಿಗೆಯಲ್ಲಿ ಬಂದ. ಮಣ್ಣು ಮಾಡುವ ದಿನ ನೆದಾಳನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ವಾಪಸು ಬಂದವಳಿಗೆ ತಾತ ವಿದೊಸಾವ್, "ಅಪ್ಪನಿಗೆ ಅಲ್ಲಿ ದೊಡ್ಡ ಕೆಲಸ ಸಿಕ್ಕಿದೆ ಕಣೇ, ಬರೋದು ತಡ ಆಗುತ್ತೆ" ಎಂದುಬಿಟ್ಟ. ತಾಯಿ ತಿಯಾನಾ ಬ್ರೆಡ್ ಕಾರ್ಖಾನೆಯ ರಾತ್ರಿ ಪಾಳಿಯವಳು. ಅತ್ತು ಅತ್ತು ಬಾಯಿ ಒಣಗಿದ್ದ ಅವಳು ಮಾವನ ಮಾತನ್ನು ತಿದ್ದಲಿಲ್ಲ. ಒಂದು ದಿನದ ಸುಳ್ಳು ವಾರವಾಯಿತು, ವಾರ ತಿಂಗಳಾಯಿತು.

ಮಾರ್ಚ್‌ನಲ್ಲಿ ವಿದೊಸಾವ್ ಗೂಡಂಗಡಿಗೆ ಬಂದ. ರತೋಮಿರ್ ಜೊತೆ ರೈಲ್ವೆಯಲ್ಲಿದ್ದವನು, ಹಳೆಯ ಪರಿಚಯ.

"ಮಗು ಕ್ಯಾಪ್ಟನ್ ಪುಸ್ತಕ ಕೇಳ್ತಿದೆ. ಅವನು ಎಲ್ಲೋ ದೂರ ಹೋಗಿ ಸಿಕ್ಕಿಹಾಕಿಕೊಂಡು, ಕೊನೇಗೆ ವಾಪಸ್ ಬರ್ತಾನಲ್ಲ, ಅಂಥದ್ದು ಕೊಡು."

"ಅದು ಬೇಡ ವಿದೊಸಾವಣ್ಣ."

"ಯಾಕೆ, ಇಲ್ವಾ?"

"ಇದೆ. ಕೊಡಲ್ಲ. ಕ್ಯಾಪ್ಟನ್ ಬರ್ತಾನೆ, ಓಗ್ನ್ಯೆನ್ ಬರಲ್ಲ. ಮಗು ಎರಡನ್ನೂ ಒಂದು ಮಾಡ್ಕೊಳ್ಳುತ್ತೆ. ಕಾಯುತ್ತೆ."

"ಕಾಯಲಿ ಬಿಡು. ಕಾಯೋದ್ರಲ್ಲಿ ಯಾರೂ ಸಾಯಲ್ಲ."

"ಅಣ್ಣಾ, ಅವಳಿಗೆ ಹೇಳಿಬಿಡಿ."

ವಿದೊಸಾವ್ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. "ಹೆತ್ತಿದ್ರೆ ಗೊತ್ತಾಗ್ತಿತ್ತು ನಿನಗೆ" ಎಂದು ರಸ್ತೆ ದಾಟಿ ಸೂಪರ್ ಮಾರ್ಕೆಟ್ಟಿಗೆ ನಡೆದ.

ಅಲ್ಲಿನ ಬುಟ್ಟಿಯಲ್ಲಿ ಅವನಿಗೆ ಬೇಕಾದದ್ದೇ ಸಿಕ್ಕಿತು. ಹಿಮದ ಗ್ರಹದಲ್ಲಿ ಮಿರ್ಗಾನ್ ಕಳೆದುಹೋಗುತ್ತಾನೆ. ಎಲ್ಲರೂ ಆಸೆ ಬಿಡುತ್ತಾರೆ. ಒಬ್ಬ ಪುಟ್ಟ ಹುಡುಗಿ ಮಾತ್ರ ದಿನವೂ ಮುಂಜಾನೆ ನೌಕೆ ನಿಲ್ಲುವ ಕಟ್ಟೆಗೆ ಬಂದು ಕಾಯುತ್ತಾಳೆ. ಕೊನೆಯ ಪುಟದಲ್ಲಿ ದಿನದ ಮೊದಲ ನೌಕೆಯಿಂದ ಅವನು ಇಳಿಯುತ್ತಾನೆ.

ಒಂದು ಶನಿವಾರ ಸ್ಲಾವೋಯ್ಕಾ ಬಾಗಿಲೆತ್ತಲು ಬಂದಾಗ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ನೆದಾ ನಿಂತಿದ್ದಳು. ಮಲಗುವ ಅಂಗಿ, ಅದರ ಮೇಲೆ ಚಳಿಯ ಕೋಟು, ಕಾಲಲ್ಲಿ ಮನೆಯ ಚಪ್ಪಲಿ. ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇದೆ. ತಾತ ಮಲಗಿದ್ದಾಗ ಚಿಲಕ ತೆಗೆದುಕೊಂಡು ಬಂದಿದ್ದಳು.

"ಲಿಂಟ್ಸ್ ಬಸ್ ಬಂತಾ ಅತ್ತೆ?"

"ಇನ್ನೂ ಇಲ್ಲ ಪುಟ್ಟಾ. ಒಳಗೆ ಬಾ, ಕಾಲು ನೋಡು ಹೇಗಾಗಿದೆ."

"ಒಳಗೆ ಬಂದ್ರೆ ಅಪ್ಪಂಗೆ ನಾನು ಕಾಣಲ್ಲ."

ಸ್ಲಾವೋಯ್ಕಾ ಒಲೆಯನ್ನು ಹೊರಗೆ ಎಳೆಯಲು ನೋಡಿದರು, ತಂತಿ ಸಾಲಲಿಲ್ಲ. ತಮ್ಮ ಶಾಲನ್ನು ಮಗುವಿನ ಕಾಲಿಗೆ ಸುತ್ತಿ, ಒಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತಿಯಾನಾಗೆ ಫೋನ್ ಮಾಡಿದರು. ಅಷ್ಟರಲ್ಲಿ ಬಸ್ಸು ಬಂತು. ಇಳಿದ ಒಬ್ಬೊಬ್ಬರ ಮುಖವನ್ನೂ ನೆದಾ ನೋಡಿದಳು. ಗಂಡಸರಿಗೆ ಅವಳು ಯಾರ ಮಗಳೆಂದು ಗೊತ್ತಿತ್ತು. ಅವರು ಚೀಲ ಎತ್ತಿಕೊಂಡು ಬೇರೆ ಕಡೆ ನೋಡುತ್ತ ಹೋದರು. ಚಾಲಕ ಬಾಗಿಲು ಮುಚ್ಚಿದ.

"ಎಲ್ಲಾ ಇಳಿದ್ರಾ?"

"ಹೂಂ ಪುಟ್ಟಾ. ಎಲ್ಲಾ ಇಳಿದ್ರು."

"ಹಾಗಾದ್ರೆ ನಾಳೆ ಬರ್ತೀನಿ. ದಿನಾ ಬರ್ಬೇಕು, ಪುಸ್ತಕದಲ್ಲಿದೆ."

"ನಿಜ ನಾಲಿಗೆ ತುದಿಗೆ ಬಂದಿತ್ತು" ಎನ್ನುತ್ತಾರೆ ಸ್ಲಾವೋಯ್ಕಾ. "ಆದ್ರೆ ಅದು ನಾನು ಹೇಳೋ ಮಾತಲ್ಲ. ಹೆತ್ತವಳು ಹೇಳಬೇಕಾದ ಮಾತು."

ಹೆತ್ತವಳು ಓಡುತ್ತ ಬಂದಳು, ತೋಳಿನ ತುಂಬ ಹಿಟ್ಟು. ಮಗಳನ್ನು ಗೂಡಂಗಡಿಯೊಳಗೆ ಕರೆದುಕೊಂಡು ಪೇಪರಿನ ಕಟ್ಟಿನ ಮೇಲೆ ಕೂತಳು. "ಅಪ್ಪ ಬರಲ್ಲ ನೆದಾ. ಅಪ್ಪ ಬಿದ್ದುಬಿಟ್ರು. ಸತ್ತುಹೋದ್ರು. ಕಾದ್ರೂ ಬರಲ್ಲ." ಸ್ಲಾವೋಯ್ಕಾ ಹೊರಗೆ ಬಂದು ಗಿರಾಕಿಗಳಿಗೆ ಅಡ್ಡವಾಗಿ ನಿಂತರು. ಒಳಗಿನಿಂದ ಅಳು ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿಸಿತು: "ತಾತ ಸುಳ್ಳು ಹೇಳಿದ್ನಾ?"

ಆಮೇಲೆ ಮಗು ಮಾತು ನಿಲ್ಲಿಸಿತು. ಶಾಲೆಯಲ್ಲಿ ಇಲ್ಲ, ಮನೆಯಲ್ಲಿ ಇಲ್ಲ. ಮೇ ತಿಂಗಳ ಹೊತ್ತಿಗೆ ಬಾಯಿ ಬಿಟ್ಟಿದ್ದು ಒಂದು ಕಾಮಿಕ್ಸಿಗಾಗಿ. ತಿಯಾನಾ ಬಂದು ಗಲ್ಲಾದ ಮುಂದೆ ನಿಂತಳು. "ಮಿರ್ಗಾನ್ ಬೇಕಂತೆ. ಯಾವುದು ಅಂತ ನೀವೇ ಹೇಳಿ. ನನಗೆ ಮುಟ್ಟೋಕೇ ಭಯ ಆಗುತ್ತೆ."

ಸ್ಲಾವೋಯ್ಕಾ ಅಂಗಡಿ ಮುಚ್ಚಿ ಕಪಾಟುಗಳನ್ನೆಲ್ಲ ಇಳಿಸಿದರು. ತೆಳು ಪುಸ್ತಕಗಳಲ್ಲಿ ಯಾರೂ ಸಾಯುವುದೇ ಇಲ್ಲ. ತಿಂಗಳ ಸಂಚಿಕೆಗಳಲ್ಲಿ ಸಾಯುತ್ತಾರೆ, ಆದರೆ ಕೂಗಾಟದಲ್ಲಿ, ಬೆಂಕಿಯಲ್ಲಿ. ಕೊನೆಗೆ ನೆರೆಯಲ್ಲಿ ಉಳಿದ ಪೆಟ್ಟಿಗೆಯೊಂದರಲ್ಲಿ ಸೊಟ್ಟಗಾದ ಒಂದು ಹಳೆಯ ಸಂಚಿಕೆ ಸಿಕ್ಕಿತು. ಯುದ್ಧವಿಲ್ಲ, ರಾಕ್ಷಸನಿಲ್ಲ, ಅದಕ್ಕೇ ಯಾರೂ ಕೊಂಡಿರಲಿಲ್ಲ. ನೌಕೆಯ ಅಡುಗೆಯವನು ಕತೆ ಶುರುವಾಗುವ ಮೊದಲೇ ಸತ್ತಿದ್ದಾನೆ. ಉಳಿದವರಿಗೆ ಅಡುಗೆ ಬಾರದು. ಕ್ಯಾಪ್ಟನ್ ಹುರುಳಿಕಾಯಿ ಸಾರು ಸೀಯಿಸುತ್ತಾನೆ. ಸತ್ತವನ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ, ಎಲ್ಲರೂ ಅದನ್ನು ಸುತ್ತು ಹಾಕಿ ಹೋಗುತ್ತಾರೆ. ಒಂದು ದಿನ ತಂಡದ ಕಿರಿಯಳು ಕಾಲು ನೋಯುತ್ತದೆಂದು ಅದರಲ್ಲಿ ಕೂರುತ್ತಾಳೆ. ಉಳಿದವರು ಅವಳಿಗೆ ಸೀದ ಸಾರು ಬಡಿಸುತ್ತಾರೆ.

"ಇದು. ನೀನೇ ಪಕ್ಕ ಕೂತು ಓದು" ಎಂದು ಕೊಟ್ಟರು.

ತಿಯಾನಾ ಓದಿದಳು. ಮತ್ತೆ ಓದೆಂದಳು ನೆದಾ, ಮತ್ತೆ ಓದಿದಳು. ಭಾನುವಾರ ಊಟಕ್ಕೆ ಕೂತಾಗ ಮಗು ಅಪ್ಪನ ಕುರ್ಚಿ ಎಳೆದುಕೊಂಡು ಕೂತಿತು. ಆಗ ಅತ್ತಿತು. ಆ ಮಧ್ಯಾಹ್ನವೆಲ್ಲ ಅತ್ತಿತು.

ಪುಸ್ತಕದಿಂದ ಎಲ್ಲ ಸರಿಹೋಯಿತು ಎಂದು ಯಾರಾದರೂ ಅಂದರೆ ಸ್ಲಾವೋಯ್ಕಾ ಸಿಡುಕುತ್ತಾರೆ. ನೆದಾ ಈಗಲೂ ತಾತನ ಜೊತೆ ಮಾತಾಡುವುದಿಲ್ಲ. ತಾತ ತಟ್ಟೆ ಇಟ್ಟರೆ ಮುಟ್ಟುವುದಿಲ್ಲ. ವಿದೊಸಾವ್ ಬೇಸಿಗೆಯೆಲ್ಲ ಗೂಡಂಗಡಿಯ ಮುಂದೆ ಬಂದು, ಏನೂ ಕೊಳ್ಳದೆ ನಿಂತು ಹೋಗುತ್ತಿದ್ದ. ಒಂದು ದಿನ ಕೇಳಿದ, "ಅವಳು ಓದ್ತಾಳಲ್ಲ, ಅದು ನನಗೂ ಒಂದು ಕೊಡ್ತೀಯಾ?"

"ಇದ್ದದ್ದು ಅದೊಂದೇ ಅಣ್ಣಾ."

"ಹಾಗಾದ್ರೆ ಬಾಯಲ್ಲಿ ಹೇಳು."

ಸ್ಲಾವೋಯ್ಕಾ ಹೇಳಿದರು. ಸೀದ ಸಾರು, ಕುರ್ಚಿ, ಎಲ್ಲ. ಮುದುಕ ಟೊಪ್ಪಿ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿಕೊಂಡು ಪೂರ್ತಿ ಕೇಳಿಸಿಕೊಂಡ.

"ಅದರಲ್ಲಿ ಸುಳ್ಳು ಹೇಳಿದೋನು ಯಾರಾದ್ರೂ ಇದಾನಾ?"

"ಇಲ್ಲ."

"ಇದ್ದಿದ್ರೆ ಚೆನ್ನಾಗಿತ್ತು. ಅವನನ್ನ ಏನ್ ಮಾಡಿದ್ರು ಅಂತ ತಿಳೀತಿತ್ತು."

ಸೆಪ್ಟೆಂಬರಿನಲ್ಲಿ ಹೊಸ ಸಂಚಿಕೆಗಳ ಕಟ್ಟು ಬಂತು. ಅದರಲ್ಲಿ ಕ್ಯಾಪ್ಟನ್ ಮಿರ್ಗಾನ್ ನಿಜಕ್ಕೂ ಸಾಯುತ್ತಾನೆ. ಶಾಲೆಯ ಹುಡುಗರು ಬೀದಿಯಲ್ಲೆಲ್ಲ ಅದನ್ನೇ ಸಾರಿಕೊಂಡು ಹೋದರು. ಶನಿವಾರ ನೆದಾ ಅಮ್ಮನ ಕೈ ಹಿಡಿದು ಬಂದಳು. ಹಲ್ಲೊಂದು ಬಿದ್ದಿತ್ತು. ಮುಖಪುಟವನ್ನು ಬೆರಳಲ್ಲಿ ತೋರಿಸಿದಳು.

"ಇದರಲ್ಲಿ ಅವನು ಸಾಯ್ತಾನಂತೆ. ಹೌದಾ ಅತ್ತೆ?"

"ಹೌದು" ಎಂದರು ಸ್ಲಾವೋಯ್ಕಾ.

"ಚಿತ್ರ ಹೆದರಿಕೆ ಆಗುತ್ತಾ?"

"ಆಗುತ್ತೆ. ನನಗೇ ಆಯ್ತು."

ನೆದಾ ಮುಖಪುಟದಿಂದ ಬೆರಳು ತೆಗೆದಳು. "ಹಾಗಾದ್ರೆ ಈಗ ಬೇಡ. ಆದ್ರೆ ಯಾರಿಗೂ ಕೊಡ್ಬೇಡಿ. ನನಗೆ ಹನ್ನೆರಡು ವರ್ಷ ಆದ್ಮೇಲೆ ನಾನೇ ಬಂದು ತಗೋತೀನಿ."

ಆ ಪ್ರತಿ ಈಗ ಕಂದು ಕಾಗದದೊಳಗೆ ಸುತ್ತಿಕೊಂಡು ಗಲ್ಲಾದ ಕೆಳಗಿದೆ. ಮೇಲೆ ಪೆನ್ಸಿಲ್ಲಿನಲ್ಲಿ ನೆದಾಳ ಹೆಸರು. ನಿಲ್ದಾಣವನ್ನು ಹೊಸದಾಗಿ ಕಟ್ಟುತ್ತಾರಂತೆ, ಗೂಡಂಗಡಿಗಳನ್ನೆಲ್ಲ ತೆಗೆಸುತ್ತಾರಂತೆ ಎಂಬ ಸುದ್ದಿ ಈ ತಿಂಗಳು ಊರಲ್ಲಿ ಓಡಾಡುತ್ತಿದೆ. ಸ್ಲಾವೋಯ್ಕಾ ಅವರ ಮೊಣಕಾಲು ಚಳಿ ಬಿದ್ದಾಗಿನಿಂದ ಮಡಚುತ್ತಿಲ್ಲ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ.

"ಆ ಹುಡುಗಿಗೆ ಹನ್ನೆರಡು ಆಗೋ ತನಕ ಈ ಡಬ್ಬಿ ಅಂಗಡಿ ಇಲ್ಲೇ ನಿಂತಿರಲಿ, ಒಳಗೆ ನಾನೂ ಕೂತಿರೋ ಹಾಗಾಗ್ಲಿ. ಅವಳು ಬಂದು ತಗೊಂಡು ಹೋದ್ಮೇಲೆ ಎರಡನ್ನೂ ಎತ್ತಿಕೊಂಡು ಹೋಗ್ಲಿ ಬೇಕಾದ್ರೆ."