ಮುಚ್ಚಳ ತೆಗೆದಾಗ ಬಂದ ಹಸಿರು

ಹಲಸೂರಿನ ಆಫೀಸಿನಲ್ಲಿ ನನ್ನ ಕೆಲಸ ಪರದೆ ನೋಡುವುದು. ಒಳಚರಂಡಿಯ ಮ್ಯಾನ್‌ಹೋಲ್ ಮುಚ್ಚಳಗಳ ಒಳಮೈಗೆ ಒಂದೊಂದು ಸೆನ್ಸರ್ ಡಬ್ಬಿ ಕೂರಿಸಿದ್ದಾರೆ. ನೀರು ಎಷ್ಟು ಏರಿದೆ, ಗ್ಯಾಸ್ ಎಷ್ಟಿದೆ ಎಂದು ಅದು ಹೇಳುತ್ತದೆ. ಎಐ ಅದನ್ನೆಲ್ಲ ನೋಡಿ ನಕ್ಷೆಯ ಮೇಲೆ ಕೆಂಪು ಇಲ್ಲವೇ ಹಸಿರು ಚುಕ್ಕೆ ಇಡುತ್ತದೆ. ಕೆಂಪಾದ ಕಡೆಗೆ ಜೆಟ್ಟಿಂಗ್ ಗಾಡಿ ಹೋಗಿ ನೀರು ಹೊಡೆದು ಕಟ್ಟಿದ್ದನ್ನು ಬಿಡಿಸುತ್ತದೆ. ಇನ್ನು ಮೇಲೆ ಯಾರೂ ಒಳಗೆ ಇಳಿಯಬೇಕಾಗಿಲ್ಲ ಎಂದು ಟ್ರೈನಿಂಗ್‌ನಲ್ಲಿ ಹೇಳಿದಾಗ ನಂಬಿದೆ. ನಂಬದೆ ಇರಲು ನನಗೆ ಆಗುತ್ತಿರಲಿಲ್ಲ. ನನ್ನ ಅಕ್ಕನ ಗಂಡ ಅದೇ ಗಾಡಿಯ ಜೊತೆ ಹೋಗುವವರು.

ಮಾಲೂರಿನಿಂದ ನನ್ನನ್ನು ಕರೆತಂದು, ಮೀಸೆ ಬಂದ ಮೇಲೆ ಸಂಜೆ ಟ್ಯುಟೋರಿಯಲ್‌ಗೆ ಸೇರಿಸಿ ಎಸ್ಸೆಸ್ಸೆಲ್ಸಿ ಕಟ್ಟಿಸಿದವರು ಈ ಭಾವ. ಅವರ ಅಪ್ಪ, ನನ್ನ ಅಪ್ಪ, ಇಬ್ಬರೂ ಗುಂಡಿಗೆ ಇಳಿದವರು. "ನೀನು ಮೇಲೆ ಕೂತ್ಕೋ ಮಗಾ. ಒಬ್ರಾದ್ರೂ ಮೇಲಿರ್ಬೇಕು" ಎನ್ನುತ್ತಿದ್ದರು.

ಆ ದಿನ ಬೆಳಗಿನಿಂದ ಜೋಗುಪಾಳ್ಯದ ಒಂದು ಚುಕ್ಕೆ ಕೆಂಪಗಿತ್ತು. ಬಚ್ಚಲಿನಿಂದ ಗಲೀಜು ವಾಪಸ್ ಬರುತ್ತಿದೆ ಎಂದು ಜನರ ದೂರು. ಭಾವನ ಗಾಡಿ ಹೋಯಿತು. ಮಧ್ಯಾಹ್ನ ಅಲ್ಲಿಂದ ಸೂಪರ್‌ವೈಸರ್ ಫೋನ್ ಮಾಡಿದರು.

"ಗಾಡಿ ಗಲ್ಲಿ ಒಳಗೆ ಹೋಗ್ತಿಲ್ಲ ಗುರು. ಪೈಪೂ ಅಷ್ಟು ದೂರ ಮುಟ್ತಿಲ್ಲ. ನಿನ್ ಸ್ಕ್ರೀನ್ ಏನ್ ಹೇಳ್ತಿದೆ?"

"ಕೆಂಪೇ ಇದೆ ಸಾರ್. ಗ್ಯಾಸಿದೆ. ಯಾರನ್ನೂ ಇಳಿಸ್ಬೇಡಿ."

"ಇಳಿಸ್ತೀನಿ ಅಂತ ಯಾರಂದ್ರು? ಮುಚ್ಚಳ ತೆಗೆದು ನೋಡ್ತೀವಿ, ಅಷ್ಟೇ."

ನೋಡುತ್ತಿದ್ದಂತೆ ಚುಕ್ಕೆ ಹಸಿರಾಯಿತು. ಪಕ್ಕದಲ್ಲಿ 'ಸುರಕ್ಷಿತ' ಎಂದು ಬಂತು. ಬೆಳಗಿನಿಂದ ಕದಲದ ಗ್ಯಾಸು ಇದ್ದಕ್ಕಿದ್ದಂತೆ ಎಲ್ಲಿ ಹೋಯಿತು?

"ನನ್ ಮೊಬೈಲಲ್ಲೂ ಹಸಿರು ಬಂತು, ಬಿಡು" ಎಂದು ಸೂಪರ್‌ವೈಸರ್ ಫೋನ್ ಇಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ. ಭಾವನಿಗೆ ಮಾಡಿದೆ. ರಿಂಗಾಗುತ್ತಲೇ ಇತ್ತು. ಇಳಿಯುವ ಮುಂಚೆ ಅವರು ಅಂಗಿ, ಫೋನು ಎರಡನ್ನೂ ಗಾಡಿಯ ಸೀಟಿನ ಮೇಲೆ ಇಡುತ್ತಾರೆಂದು ನನಗೆ ಗೊತ್ತು.

ಪರದೆಯಲ್ಲಿ ಕೆಲಸ ನಿಲ್ಲಿಸುವ ಬಟನ್ ಇದೆ. ಒತ್ತಿದರೆ, ಕಾರಣ ಬರೆಯಿರಿ ಎನ್ನುತ್ತದೆ. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುವವನು. 'ನಮ್ಮ ಭಾವ' ಎಂದು ಬರೆಯುವಷ್ಟರಲ್ಲೇ ನಿಮಿಷ ಕಳೆಯಿತು. ಅದನ್ನು ಅಲ್ಲೇ ಬಿಟ್ಟು ಓಡಿದೆ.

ಹತ್ತಿದ ಆಟೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಇಳಿದು ಮತ್ತೆ ಓಡಿದೆ. ದೇವರನ್ನು ಬೇಡಿಕೊಳ್ಳಲೂ ಮಾತು ಹೊಳೆಯಲಿಲ್ಲ. ಅಕ್ಕನ ಮುಖವೇ ಕಣ್ಣೆದುರು ಬರುತ್ತಿತ್ತು.

ತೆರೆದ ಮ್ಯಾನ್‌ಹೋಲಿಗೆ ಗುರುತಿಗೆಂದು ಹಸಿ ಕೊಂಬೆ ನಿಲ್ಲಿಸುವುದು ನಮ್ಮವರ ರೂಢಿ. ಮನುಷ್ಯ ಇಳಿಯುವಾಗ ಅದನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಗಲ್ಲಿಯಲ್ಲಿ ಹೊಂಗೆ ಕೊಂಬೆ ಪಕ್ಕಕ್ಕೆ ಬಿದ್ದಿತ್ತು. ಅದರ ಹತ್ತಿರವೇ ಮುಚ್ಚಳ ಅಂಗಾತ ಬಿದ್ದಿತ್ತು. ಅದಕ್ಕೆ ಅಂಟಿದ್ದ ಸೆನ್ಸರ್ ಡಬ್ಬಿ ಆಕಾಶ ನೋಡುತ್ತ ಮಿನುಗುತ್ತಿತ್ತು. ಆಗ ತಿಳಿಯಿತು. ಅದು ಗುಂಡಿಯ ಗಾಳಿಯನ್ನಲ್ಲ, ರಸ್ತೆಯ ಗಾಳಿಯನ್ನು ಮೂಸಿ 'ಸುರಕ್ಷಿತ' ಎಂದಿತ್ತು.

ಬಗ್ಗಿ ನೋಡಿದೆ. ಭಾವ ಕಬ್ಬಿಣದ ಮೆಟ್ಟಿಲು ಹಿಡಿದು ನಿಂತಿದ್ದರು. ಕೂಗಿದೆ. ತಲೆ ಎತ್ತಿದರು, ನನ್ನ ಗುರುತು ಸಿಕ್ಕಲಿಲ್ಲ. ಸೊಂಟಕ್ಕೆ ಹಗ್ಗವಿತ್ತು. ಸೂಪರ್‌ವೈಸರೂ ನಾನೂ ಎಳೆದೆವು. ಮೇಲೆ ಬಂದವರು ರಸ್ತೆಯಲ್ಲೇ ವಾಂತಿ ಮಾಡಿಕೊಂಡರು.

"ಪಾಪ, ನೀರು ಕುಡಿಸ್ರಪ್ಪಾ" ಎಂದು ಎದುರು ಮನೆಯಾಕೆ ಚೊಂಬು ತಂದರು. "ಬಚ್ಚಲು ಸರಿಹೋಯ್ತಾ?"

ಉಸಿರು ಹಿಡಿತಕ್ಕೆ ಬಂದ ಮೇಲೆ ಭಾವ ನನ್ನ ಕೈ ಹಿಡಿದುಕೊಂಡರು. "ಹಸಿರಿತ್ತಲ್ಲೋ. ನೀನು ಕೂತಿದ್ದೀಯಲ್ಲಾ ಅಂತ ಇಳ್ದೆ."

ಮರುದಿನ ಎಂಜಿನಿಯರ್ ಮೇಡಂಗೆ ಹೇಳಿದೆ. "ಮುಚ್ಚಳ ತೆಗೆದ್ರೆ ಅದು ಗೊತ್ತಿಲ್ಲ ಅನ್ಬೇಕು ಮೇಡಂ. ಹಸಿರು ತೋರಿಸ್ಬಾರ್ದು."

"ನೀವು ಹೇಳೋದು ಸರಿ ಇದೆ. ಸೆನ್ಸರ್ ಕಂಪನಿಗೆ ಬರೀತೀನಿ" ಎಂದರು. "ಹೇಗೂ ಯಾರನ್ನೂ ಇಳಿಸ್ಬಾರ್ದು ಅಂತ ಆರ್ಡರ್ ಇದ್ದೇ ಇದೆಯಲ್ಲ."

ಆರ್ಡರ್ ಅಂದೂ ಇತ್ತು.

ಅವರು ಬರೆದರು. ಕಂಪನಿಯವರು ಆಗಲಿ ಎಂದರು. ಪರದೆ ಇನ್ನೂ ಹಾಗೇ ಇದೆ. ಭಾವ ಗಾಡಿಗೆ ವಾಪಸ್ ಹೋಗಿದ್ದಾರೆ. ಬೇರೆ ಕೆಲಸ ಯಾರೂ ಕೊಡಲಿಲ್ಲ. ಅವರು ಹೋದ ಕಡೆ ಚುಕ್ಕೆ ಹಸಿರಾದರೆ ನಾನು ಫೋನ್ ಮಾಡುತ್ತೇನೆ, ಎತ್ತುವವರೆಗೂ ಮಾಡುತ್ತೇನೆ. "ಏನೋ ನಿಂದು ಕಾಟ" ಎಂದು ಬೈಯುತ್ತಾರೆ. ಬೈದರೆ ಫೋನು ಅವರ ಕೈಯಲ್ಲಿದೆ, ಅವರು ಮೇಲಿದ್ದಾರೆ. ಇವತ್ತು ಇನ್ನೂ ಎತ್ತಿಲ್ಲ.