ಕೆನೆ ಬಣ್ಣದ ಮ್ಯಾಟು

ನನ್ನ ತಮ್ಮ ಕಾರು ಕೊಂಡಿದ್ದು ಅಮ್ಮನ ಕಾಲಿಗೋಸ್ಕರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅವನ ಮೇಲೆ ರೇಗುವುದನ್ನು ನೋಡಿ ನೀವು ಅವನನ್ನು ಕೆಟ್ಟವನು ಅಂದುಕೊಳ್ಳಬಾರದು. ಅವನು ಕೆಟ್ಟವನಲ್ಲ, ಚಂದದ ಹುಚ್ಚು ಹಿಡಿದವನು, ಅಷ್ಟೇ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಪಾದಗಳು ಮರಗಟ್ಟಿಹೋಗಿವೆ; ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಬಿಸಿ ತಗುಲಿದರೂ ಗೊತ್ತಾಗುವುದಿಲ್ಲ. ಬಲಗಾಲಿನ ಕಿರುಬೆರಳಿನ ಪಕ್ಕದಲ್ಲಿ ಎದ್ದ ಒಂದು ಹುಣ್ಣು ತಿಂಗಳುಗಟ್ಟಲೆ ಮಾಯದೆ ಕೂತಿತ್ತು. ಪ್ರತಿ ಗುರುವಾರ ಕೆ.ಜಿ.ಎಫ್‌ನ ಊರಿಗಾಂ ಕಡೆಯ ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಬೇಕು. ಡಾಕ್ಟರು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದರು: ಬರಿಗಾಲು ನೆಲಕ್ಕೆ ತಗುಲಕೂಡದು, ಮನೆಯ ಒಳಗೂ ಚಪ್ಪಲಿ ಬೇಕು, ಇನ್ನೊಂದು ಗಾಯವಾದರೆ ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೇ ನಿಲ್ಲುತ್ತದೆಂದು ಹೇಳಲಾಗದು. ಹಿಂದೆ ಪಟ್ಟಿ ಇರುವ, ಮೆತ್ತನೆಯ ನೀಲಿ ಚಪ್ಪಲಿಯನ್ನು ಅವರೇ ಬರೆದುಕೊಟ್ಟರು.

ಅಮ್ಮ ಇರುವುದು ಕಾಮಸಮುದ್ರದ ಆಚೆಯ ಹಳ್ಳಿಯಲ್ಲಿ, ತಮ್ಮನ ಜೊತೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಅವಳ ಕಾಲನ್ನು ಯಾರಾದರೂ ತುಳಿಯುತ್ತಾರೆ ಅನ್ನುವ ಭಯ ತಮ್ಮನಿಗೆ. ಟೊಮೇಟೊಗೆ ಒಳ್ಳೆಯ ಬೆಲೆ ಸಿಕ್ಕಿದ ವರ್ಷ ಅವನು, "ಅಕ್ಕಾ, ಕಾರು ತಗೋತೀನಿ, ಅಮ್ಮನ್ನ ರಾಣಿ ಅಂಗೆ ಕರ್ಕೊಂಡೋಯ್ತೀನಿ" ಅಂದ. ನನಗೂ ಖುಷಿಯೇ ಆಯಿತು. ಶೋರೂಮಿಗೆ ಮೂವರೂ ಹೋದೆವು.

ಅಲ್ಲಿ ಕಂಡ ಗಾಡಿಗಳ ಬಗ್ಗೆ ನನಗೆ ಇವತ್ತಿಗೂ ತಕರಾರಿದೆ. ಕಾರೂ ಅಲ್ಲ, ಜೀಪೂ ಅಲ್ಲ, ಎರಡರ ನಡುವಿನದು. ಅದಕ್ಕೆ ಕ್ರಾಸೋವರ್ ಅನ್ನುತ್ತಾರಂತೆ, ಅದರಲ್ಲಿ ಇದು ಮಧ್ಯಮ ಅಳತೆಯದಂತೆ. ದೀಪ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಗೆರೆ, ಹುಬ್ಬು ತೀಡಿದ ಹಾಗೆ. ನಿಜವಾದ ದೀಪ ಕೆಳಗೆ ಬಂಪರಿನಲ್ಲಿ. ಮೇಲೆ ಎರಡು ಬೆಳ್ಳಿ ಬಣ್ಣದ ಕಂಬಿ. ಹುಲ್ಲಿನ ಕಂತೆ ಕಟ್ಟಬಹುದಾ ಎಂದು ಅಮ್ಮ ಕೇಳಿದಳು. ಟೈ ಕಟ್ಟಿದ್ದ ಮಾರಾಟದವನು ನಕ್ಕು, "ಅದು ಲುಕ್ಕಿಗೆ ಅಮ್ಮಾ" ಅಂದ. ಕೆಳಗೆ ಕಬ್ಬಿಣದ ತಗಡಿನಂತೆ ಹೊಳೆಯುತ್ತಿದ್ದುದನ್ನು ಬೆರಳಲ್ಲಿ ತಟ್ಟಿದೆ. ಪ್ಲಾಸ್ಟಿಕ್ಕು. ಅದೂ ಲುಕ್ಕಿಗೆ. ಹಿಂದಿನ ಕಿಟಕಿ ಹಿಂದೆ ಹೋಗುತ್ತಾ ಹೋಗುತ್ತಾ ಕಿರಿದಾಗಿ, ಕೂತ ಅಮ್ಮನಿಗೆ ಹೊರಗಿನ ಹೊಲದ ಬದಲು ಬಾಗಿಲಿನ ಒಳಮೈಯೇ ಕಾಣುತ್ತಿತ್ತು. ಹಾಗೇಕೆ ಎಂದು ಕೇಳಿದರೆ, ಹೊರಗಿನಿಂದ ನೋಡಿದರೆ ಓಡುತ್ತಿರುವಂತೆ ಕಾಣುತ್ತದಂತೆ. ನಿಂತ ಗಾಡಿ ಓಡುತ್ತಿರುವಂತೆ ಯಾಕೆ ಕಾಣಬೇಕು?

ಒಂದು ಮಾತು ಒಪ್ಪಲೇಬೇಕು. ಸೀಟಿನ ಎತ್ತರ ಮಾತ್ರ ಅಮ್ಮನಿಗೆಂದೇ ಅಳತೆ ತೆಗೆದಂತಿತ್ತು. ಬಗ್ಗಬೇಕಿಲ್ಲ, ಹತ್ತಬೇಕಿಲ್ಲ, ಸುಮ್ಮನೆ ತಿರುಗಿ ಸೊಂಟ ಊರಿದರೆ ಕೂತಂತೆಯೇ. ಅಮ್ಮನ ಮುಖ ಅರಳಿತು. "ಇದು ಸರಿ ಐತೆ ಕಣಪ್ಪಾ" ಅಂದಳು. ಅಲ್ಲಿಗೆ ಗಾಡಿ ಯಾವುದೆಂದು ತೀರ್ಮಾನವಾಯಿತು.

ಉಳಿದದ್ದು ಒಳಗಿನ ಬಣ್ಣ. ಪೂರ್ತಿ ಕಪ್ಪು ಒಂದು, ಕಪ್ಪು ಮತ್ತು ಕೆನೆ ಬಣ್ಣ ಸೇರಿದ್ದು ಇನ್ನೊಂದು. ಕೆನೆ ಬಣ್ಣದ್ದರಲ್ಲಿ ಸೀಟೂ ಕೆನೆ, ಬಾಗಿಲಿನ ಒಳಮೈಯೂ ಕೆನೆ, ಕಾಲಿಡುವ ಮ್ಯಾಟೂ ಕೆನೆ. ನಾನು ಬಂಗಾರಪೇಟೆಯ ಬಜಾರಿನಲ್ಲಿ ಬ್ಲೌಸು ಹೊಲಿಯುವವಳು. ಬಟ್ಟೆಯ ಬಣ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದೆ: "ಲೇ, ನಮ್ಮೂರ ಮಣ್ಣು ಕೆಂಪು. ಮನೇಲಿ ಎಂಟು ಅಸ ಕಟ್ಟಿದ್ದೀಯ. ಈ ಬಣ್ಣ ನಮ್ಮಂಥೋರಿಗಲ್ಲ ಕಣ್ಲಾ, ಕಪ್ಪು ತಗೋ."

"ಕಪ್ಪು ಆಟೋದೋರಿಗೆ ಅಕ್ಕಾ" ಅಂದ ಅವನು. "ಇದ್ ನೋಡು, ಒಳಗೆ ಬೆಳದಿಂಗಳು ಬಿದ್ದಂಗೈತೆ."

ಸಗಣಿ ಬಾಚುವ ಕೈಯವನ ಬಾಯಲ್ಲಿ ಬೆಳದಿಂಗಳು ಬಂದಮೇಲೆ ಅಕ್ಕನ ಮಾತು ಯಾರು ಕೇಳುತ್ತಾರೆ? ಕೆನೆ ಬಣ್ಣವೇ ಬಂತು.

ಬಂದ ದಿನವೇ ನಿಯಮಗಳೂ ಬಂದವು. ಡ್ಯಾಶ್‌ಬೋರ್ಡಿನ ಹೊಳೆಯುವ ಕಪ್ಪು ಪಟ್ಟಿಯನ್ನು ಯಾರೂ ಮುಟ್ಟಬಾರದು, ಬೆರಳಿನ ಗುರುತು ಬೀಳುತ್ತದೆ. ಎಣ್ಣೆ ಹಚ್ಚಿದ ತಲೆಯನ್ನು ಸೀಟಿಗೆ ಆನಿಸಬಾರದು. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯಕೂಡದು. ಬೇಸಿಗೆಯಲ್ಲಿ ಅದರ ಮೇಲೆ ಕೂತು ಬೆವರಿ, ಇಳಿಯುವಾಗ ಸೀರೆ ಅಂಟಿಕೊಂಡು ಚರಚರ ಅನ್ನುತ್ತಿತ್ತು. ಹಾಳೆಯ ಕೆಳಗಿರುವ ಚಂದವನ್ನು ನೋಡಿದವರೇ ಇಲ್ಲ, ಆದರೂ ಅದನ್ನು ಕಾಪಾಡಬೇಕು. ಕೊನೆಗೆ ಕೆ.ಜಿ.ಎಫ್‌ನಲ್ಲಿ ಸ್ಟಿಕ್ಕರ್ ಬರೆಸಿಕೊಂಡು ಬಂದು ಹಿಂದಿನ ಬಾಗಿಲಿಗೆ ಅಂಟಿಸಿದ: ದಯವಿಟ್ಟು ಚಪ್ಪಲಿ ಹೊರಗೆ ಬಿಡಿ.

"ಲೇ, ಅಮ್ಮನ ಕಾಲಿಗೆ ಅಂತ ತಂದ ಕಾರಲ್ವಾ ಇದು?" ಎಂದು ಕೂಗಾಡಿದೆ.

"ಅಮ್ಮಂಗಲ್ಲ ಅಕ್ಕಾ, ಬೇರೆಯೋರಿಗೆ" ಅಂದ. ಅವನು ಹೇಳಿದ್ದು ನಿಜವೇ. ಅಮ್ಮನಿಗೆ ಅವನು ಒಂದು ದಿನವೂ ಚಪ್ಪಲಿ ಬಿಡು ಅನ್ನಲಿಲ್ಲ. ಅನ್ನಬೇಕಾಗಿಯೇ ಬರಲಿಲ್ಲ. ಬಾಗಿಲು ತೆಗೆದರೆ ಸಾಕು, ಅಮ್ಮ ಒಳಗಿನ ಬಣ್ಣ ನೋಡಿ, ದೇವರ ಕೋಣೆಯ ಹೊಸಿಲಲ್ಲಿ ಬಿಟ್ಟಂತೆ ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಕೂರುತ್ತಿದ್ದಳು. ನೀಲಿ ಚಪ್ಪಲಿಯ ಪಟ್ಟಿ ಬಿಚ್ಚಲು ಅವಳಿಗೆ ಮೂರು ನಿಮಿಷ ಬೇಕು. ಆ ಮೂರು ನಿಮಿಷ ನಾನು ಬಯ್ಯುತ್ತಲೇ ಇರುತ್ತಿದ್ದೆ, ಅವಳು ಬಿಚ್ಚುತ್ತಲೇ ಇರುತ್ತಿದ್ದಳು.

"ಪೂಜೆ ಮಾಡಿದ ಗಾಡಿ ಕಣಮ್ಮಾ. ಲಕ್ಷ್ಮಿ. ಚಪ್ಲಿ ಆಕ್ಕೊಂಡು ತುಳೀತಾರಾ?" ಅನ್ನುತ್ತಿದ್ದಳು.

ಬಿಟ್ಟ ಚಪ್ಪಲಿಯನ್ನು ಒಳಗೆ ತೆಗೆದುಕೊಳ್ಳಬೇಕಲ್ಲ? ತಮ್ಮ ಅದಕ್ಕೆಂದೇ ಬಟ್ಟೆ ಅಂಗಡಿಯ ಒಂದು ಚೀಲವನ್ನು ಸೀಟಿನ ಹಿಂದೆ ತೂಗುಹಾಕಿದ್ದ. ಅಮ್ಮ ಆ ಚೀಲದಲ್ಲಿ ಎಲೆ ಅಡಿಕೆ ಇಟ್ಟುಕೊಂಡಳು. ಎಲೆ ಅಡಿಕೆ ಇರುವ ಕಡೆ ಚಪ್ಪಲಿ ಇಡುವುದುಂಟೇ? ಹೀಗಾಗಿ ಚಪ್ಪಲಿ ನಿಂತಲ್ಲೇ ನಿಲ್ಲುತ್ತಿತ್ತು, ಕಾರು ಹೊರಟುಹೋಗುತ್ತಿತ್ತು. ಮೊದಲ ಸಲ ಊರಿನ ಅಂಗಳದಲ್ಲಿ. ಎರಡನೆಯ ಸಲ ಆಸ್ಪತ್ರೆಯ ಗೇಟಿನ ಮುಂದೆ, ಹೂ ಮಾರುವ ಹೆಂಗಸು ಎರಡು ಕೈಯಲ್ಲಿ ಒಂದೊಂದು ಚಪ್ಪಲಿ ಹಿಡಿದು, "ಯಮ್ಮಾ, ಚೆರುಪ್ಪು! ಚೆರುಪ್ಪು!" ಎಂದು ತಮಿಳಿನಲ್ಲಿ ಕೂಗುತ್ತಾ ಕಾರಿನ ಹಿಂದೆ ಓಡಿ ಬಂದಳು. ಅಮ್ಮ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ನನಗೆ ನಗು ಬರಲಿಲ್ಲ. ಅಮ್ಮ ಮಗ ಇಬ್ಬರಿಗೂ ಎರಡು ಬಾರಿಸಬೇಕು ಅನ್ನಿಸಿತು, ಒಬ್ಬಳು ಹೆತ್ತವಳೆಂದು ಸುಮ್ಮನಾದೆ.

ಮೂರನೆಯ ಸಲ ಆದದ್ದು ಏಪ್ರಿಲ್‌ನಲ್ಲಿ. ಡ್ರೆಸ್ಸಿಂಗ್ ಮುಗಿಸಿಕೊಂಡು ಮಧ್ಯಾಹ್ನ ಬಂಗಾರಪೇಟೆಗೆ ವಾಪಸು ಬಂದೆವು. ನನ್ನ ಅಂಗಡಿಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು ಅವರು ಊರಿಗೆ ಹೋಗುವುದು ವಾಡಿಕೆ. ಬಜಾರಿನೊಳಗೆ ತಂದರೆ ಯಾವನಾದರೂ ಬೈಕಿನವನು ಗೀರು ಎಳೆದಾನು ಎಂದು ತಮ್ಮ ಕಾರನ್ನು ದೂರದ ಬಯಲಿನಲ್ಲಿ ನಿಲ್ಲಿಸಿದ. ಅಲ್ಲಿಂದ ನನ್ನ ಅಂಗಡಿಗೆ ನೂರು ಹೆಜ್ಜೆಯಾದರೂ ಇದೆ, ಅಷ್ಟೂ ಡಾಂಬರು. ಗಿರಾಕಿಯೊಬ್ಬಳು ಶಟರಿನ ಮುಂದೆ ಕಾಯುತ್ತಿದ್ದಾಳೆಂದು ನಾನು ಮೊದಲೇ ಇಳಿದು ಓಡಿದೆ. ಬಿಸಿಲಿಗೆ ಡ್ಯಾಶ್‌ಬೋರ್ಡು ಬಣ್ಣ ಕಳೆದುಕೊಳ್ಳುತ್ತದೆಂದು ತಮ್ಮ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಪರದೆ ಕಟ್ಟುತ್ತಾ ನಿಂತ. ಅಮ್ಮ ಒಬ್ಬಳೇ ನಿಧಾನವಾಗಿ ನಡೆದು ಬಂದಳು, ಮಜ್ಜಿಗೆ ಕುಡಿದಳು, ಗಿರಾಕಿಯ ಜೊತೆ ಹರಟಿದಳು, ಹಾಗೇ ನಡೆದು ವಾಪಸು ಹೋದಳು. ನಾನು ಅವಳ ಕಾಲು ನೋಡಲಿಲ್ಲ. ಬ್ಲೌಸಿನ ತೋಳು ನೋಡುತ್ತಿದ್ದೆ. ಚಪ್ಪಲಿ ಆಸ್ಪತ್ರೆಯ ಗೇಟಿನಲ್ಲೇ ಉಳಿದಿತ್ತು, ಆ ದಿನ ಹೂವಿನವಳು ಬಂದಿರಲಿಲ್ಲ.

ಮುಂದಿನ ಗುರುವಾರ ನಾನು ಕಾರು ಹತ್ತಿದಾಗ ಅಮ್ಮ ಯಾಕೋ ಸೆರಗನ್ನು ಕಾಲಿನ ಮೇಲೆ ಹರಡಿಕೊಂಡು ಕೂತಿದ್ದಳು. ಕೆ.ಜಿ.ಎಫ್ ರಸ್ತೆಯಲ್ಲಿ ಒಂದು ಹಂಪಿನ ಮೇಲೆ ಕಾರು ಎಗರಿ ಸೆರಗು ಜಾರಿತು. ಕೆನೆ ಬಣ್ಣದ ಮ್ಯಾಟಿನ ಮೇಲೆ ಅಂಗೈಯಗಲದ ಕಂದು ಕಲೆ. ಅದರ ಸುತ್ತ ಸೋಪು ಹಾಕಿ ಉಜ್ಜಿ ಉಜ್ಜಿ ಬಿಳುಚಿಕೊಂಡ ಗುರುತು. ಅಮ್ಮ ತಟ್ಟನೆ ಪಾದವನ್ನು ಕಲೆಯ ಮೇಲೆ ಇಟ್ಟಳು. ನಾನು ಆ ಪಾದವನ್ನು ಹಿಡಿದು ಎತ್ತಿದೆ. ಅಂಗಾಲಿನ ತುಂಬ ಬೊಬ್ಬೆ ಒಡೆದು ಕೀವಾಗಿತ್ತು, ಮೇಲೆ ಅರಿಶಿನ ಮೆತ್ತಿಕೊಂಡಿದ್ದಳು. ವಾಸನೆ ಬರುತ್ತಿತ್ತು.

ಅಮ್ಮ ಮುಂದೆ ಸ್ಟೇರಿಂಗ್ ಹಿಡಿದು ಕೂತಿದ್ದ ಮಗನನ್ನು ನೋಡಿ ನನ್ನ ಕಿವಿಯ ಹತ್ತಿರ ಬಂದಳು. "ಅವ್ನಿಗೆ ಏಳ್ಬೇಡ ಕಣಮ್ಮಾ. ನೊಂದ್ಕೋತಾನೆ. ಎರಡು ಸಲ ಉಜ್ಜಿದೆ, ಓಗ್ತಾನೇ ಇಲ್ಲ ಅದು."

ಅವಳು ಹೇಳುತ್ತಿದ್ದುದು ಮ್ಯಾಟಿನ ಕಲೆಯ ಮಾತು. ಕಾಲಿನದಲ್ಲ.

ನಾನು ಆ ದಿನ ಕಾರಿನಲ್ಲಿ ಕಿರುಚಿದ ಹಾಗೆ ಜೀವನದಲ್ಲಿ ಯಾವತ್ತೂ ಕಿರುಚಿಲ್ಲ. ತಮ್ಮ ಕಾರು ನಿಲ್ಲಿಸಿ ಹಿಂದೆ ಬಂದ. ಬಾಗಿಲು ತೆಗೆದವನ ಕಣ್ಣು ಮೊದಲು ಬಿದ್ದದ್ದು ಮ್ಯಾಟಿನ ಮೇಲೆ. "ಯಾರು ಇದು ಮಾಡಿದ್ದು?" ಎಂದು ಗದರಿದವನು ಆಮೇಲೆ ಪಾದ ನೋಡಿದ. ಆ ಎರಡರ ನಡುವೆ ಒಂದು ಉಸಿರಿನಷ್ಟು ಹೊತ್ತೂ ಇರಲಿಲ್ಲ, ಆದರೆ ಮೊದಲು ಯಾವುದನ್ನು ನೋಡಿದೆ ಎನ್ನುವುದು ಅವನಿಗೆ ಗೊತ್ತು. ನನಗೂ ಗೊತ್ತು. ಬಾಗಿಲು ಹಾಕಿ, ಓಡಿ ಹೋಗಿ ಸ್ಟೇರಿಂಗ್ ಹಿಡಿದು ನೇರ ಆಸ್ಪತ್ರೆಗೆ ಬಿಟ್ಟ.

ಕಿರುಬೆರಳನ್ನು ಉಳಿಸಲಾಗಲಿಲ್ಲ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ಪಾದ ಉಳಿಯಿತು, ಅದೇ ದೊಡ್ಡದು ಅಂದರು ಡಾಕ್ಟರು. ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ತಮ್ಮ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಲ್ಲಿಸಿದ ಕಾರಿನ ಪಕ್ಕ ಕೂತು ಬಾಗಿಲಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆಯುತ್ತಿದ್ದ. ಪ್ಲಾಸ್ಟಿಕ್ ಹಾಳೆಗಳನ್ನೆಲ್ಲ ಕಿತ್ತು ಬಿಸಾಡಿದ್ದ. ಹಾಲು ಕರೆದು ಹಾಗೇ ಬಂದಿದ್ದನೇನೋ, ಸಗಣಿ ಮೆತ್ತಿದ ಚಪ್ಪಲಿಯಲ್ಲೇ ಕಾರಿನೊಳಗೆ ಹೋಗಿ ಕೂತ. ಕೆನೆ ಬಣ್ಣದ ಮ್ಯಾಟಿಗೆ ಚಪ್ಪಲಿ ಉಜ್ಜಿದ, ಮತ್ತೆ ಉಜ್ಜಿದ. ಬಯ್ಯಬೇಕೆಂದು ಅಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದ ಮಾತನ್ನೆಲ್ಲ ಬಿಟ್ಟು ನಾನು ಅಮ್ಮನ ಹಾಸಿಗೆಯ ಕಡೆ ತಿರುಗಿದೆ.

ಮನೆಗೆ ಕಳಿಸಿದ ದಿನ ಅವನೇ ನೆಲದ ಮೇಲೆ ಕೂತು ಅಮ್ಮನ ಕಾಲಿಗೆ ಹೊಸ ನೀಲಿ ಚಪ್ಪಲಿ ಹಾಕಿ ಪಟ್ಟಿ ಬಿಗಿದ. ಕಾರಿನ ಬಾಗಿಲು ತೆಗೆದ. ಹಿಂಡಿ ತುಂಬುವ ಒಂದು ಗೋಣಿಚೀಲವನ್ನು ಮ್ಯಾಟಿನ ಮೇಲೆ ಹಾಸಿದ್ದ, ಅಮ್ಮ ಸಂಕೋಚಪಡಬಾರದೆಂದು.

ಅಮ್ಮ ಅದನ್ನು ನೋಡಿ ಮುಖ ಸಿಂಡರಿಸಿದಳು. "ಇದೇನ್ಲಾ ಇದು, ಇಂಥ ಕಾರಿಗೆ ಗೋಣಿ ಆಸಿದ್ದೀಯ? ತೆಗಿ, ಚೆನ್ನಾಗಿಲ್ಲ."

"ಇರಲಿ ಅಮ್ಮಾ."

"ತೆಗಿ ಅಂದ್ರೆ ತೆಗಿ." ಅವಳ ಕೈ ಆಗಲೇ ಚಪ್ಪಲಿಯ ಪಟ್ಟಿಗೆ ಹೋಗಿತ್ತು. ಮಗ ಆ ಕೈ ಹಿಡಿದುಕೊಂಡ. ಕೊನೆಗೆ ಒಪ್ಪಂದವಾಯಿತು: ಅವನು ಗೋಣಿ ತೆಗೆಯುವುದು, ಅವಳು ಚಪ್ಪಲಿ ಬಿಚ್ಚದಿರುವುದು. ತಿರುಗಿ, ಸೊಂಟ ಊರಿ, ಚಪ್ಪಲಿ ಕಾಲನ್ನು ಒಳಗೆ ತೆಗೆದುಕೊಂಡಳು. ತಮ್ಮ ಬಾಗಿಲು ಹಾಕಿ ಮುಖ ಒರೆಸಿಕೊಂಡು ಗಾಡಿ ಹತ್ತಿದ. ನಾನು ಮುಂದೆ ಅವನ ಪಕ್ಕ ಕೂತೆ. ಅಂತೂ ಗೆದ್ದೆವು ಅನ್ನಿಸಿತು.

ಊರಿಗಾಂ ದಾಟಿದ ಮೇಲೆ ನೀರು ಕೊಡೋಣವೆಂದು ಹಿಂದೆ ತಿರುಗಿದೆ. ಅಮ್ಮ ಎರಡು ಕೈಯನ್ನೂ ಸೀಟಿಗೆ ಊರಿಕೊಂಡು ಬಿಗಿಯಾಗಿ ಕೂತಿದ್ದಳು, ಹಣೆಯಲ್ಲಿ ಬೆವರು. ಎರಡು ಪಾದಗಳನ್ನೂ ಮ್ಯಾಟಿನಿಂದ ನಾಲ್ಕು ಬೆರಳು ಮೇಲಕ್ಕೆ ಎತ್ತಿ ಹಿಡಿದಿದ್ದಳು. ಬ್ಯಾಂಡೇಜು ಸುತ್ತಿದ ಕಾಲು ನಡುಗುತ್ತಿತ್ತು.

"ಅಮ್ಮಾ, ಕಾಲು ಕೆಳಗಿಡು" ಅಂದೆ.

"ಇಟ್ಟಿವ್ನಿ ಬುಡು" ಅಂದಳು, ನನ್ನ ಮುಖ ನೋಡದೆ.

ಇಟ್ಟಿರಲಿಲ್ಲ. ಬಂಗಾರಪೇಟೆಯವರೆಗೂ ಇಡಲಿಲ್ಲ.